ಸಿಂಗಪುರದ ಮೊದಲ ಸಂಜೆ

ಪ್ರಶ್ನೆ: ಮೊದಲ ಸಲ ಸಿಂಗಪುರಕ್ಕೆ ಹೊರಟಿದ್ದೇವೆ. ಮೆಟ್ರೊಗೆ ಬೇರೆ ಕಾರ್ಡ್ ಬೇಕೇ? ಮೊದಲ ಸಂಜೆ ಏನು ನೋಡುವುದು?

ಉತ್ತರ: ಬೇರೆ ಕಾರ್ಡ್ ಬೇಡ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡನ್ನು ಗೇಟಿಗೆ ತಾಗಿಸಿದರೆ ಸಾಕು. ಆದರೆ ಹೊರಡುವ ಮುನ್ನವೇ ವಿದೇಶಿ ಬಳಕೆ, ತಾಗಿಸಿ ಪಾವತಿಸುವ ಸೌಲಭ್ಯ ಎರಡನ್ನೂ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿಕೊಳ್ಳಿ. ಇದನ್ನು ಮರೆತರೆ ಗೇಟು ತೆರೆಯುವುದಿಲ್ಲ. ಒಬ್ಬರಿಗೆ ಒಂದು ಕಾರ್ಡ್. ಒಳಹೋಗುವಾಗ ಕಾರ್ಡ್, ಹೊರಬರುವಾಗ ಅದೇ ಕಾರ್ಡ್ ಸೇರಿಸಿದ ಫೋನ್ ತೋರಿಸಬೇಡಿ, ಯಂತ್ರದ ಲೆಕ್ಕದಲ್ಲಿ ಅವೆರಡೂ ಬೇರೆ. ರೈಲಿನಲ್ಲಿ ತಿಂದರೆ, ಕುಡಿದರೆ 500 ಸಿಂಗಪುರ ಡಾಲರ್‌ವರೆಗೆ ದಂಡ.

ಸಂಜೆಗೆ ಬೇಫ್ರಂಟ್ ನಿಲ್ದಾಣದಲ್ಲಿ ಇಳಿದು ಗಾರ್ಡನ್ಸ್ ಬೈ ದ ಬೇ ಉದ್ಯಾನಕ್ಕೆ ನಡೆಯಿರಿ. 25ರಿಂದ 50 ಮೀಟರ್ ಎತ್ತರದ ಸೂಪರ್‌ಟ್ರೀಗಳ (ಮರದ ಆಕಾರದ ಗೋಪುರಗಳ) ಬೆಳಕಿನ ಪ್ರದರ್ಶನ 7.45 ಮತ್ತು 8.45ಕ್ಕೆ, ಉಚಿತ. ಬುಡದಲ್ಲೇ ಅಂಗಾತ ಮಲಗಿ ನೋಡಿ. ದೂರದಿಂದ ಆ ಎತ್ತರ ದಕ್ಕುವುದಿಲ್ಲ.