ಹೊರಗೆ ಹೋದ ಬಲ್ಗೇರಿಯನ್ನರು ಇನ್ನೂ ಬಲ್ಗೇರಿಯನ್ನರೇ? ಅದನ್ನು ಹೇಳಬೇಕಾದವರು ಯಾರು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಮುಂಚೆ ಯಾರಿಗೆಲ್ಲ ಬಂದಿತ್ತು ಅಂತ ನೋಡುತ್ತಾ ಹೋಗಿ, 2023ರಲ್ಲಿ ಗೆದ್ದ ಬಲ್ಗೇರಿಯಾದ ಗೆಯೋರ್ಗಿ ಗೊಸ್ಪೊದಿನೋವ್ ಅವರ ಕಾದಂಬರಿ ಓದಿದಿರಂತೆ. ಆ ದೇಶದಿಂದ ಅಷ್ಟೊಂದು ಜನ ಹೊರಗೆ ಹೋಗಿದ್ದಾರಲ್ಲ, ಅವರನ್ನೆಲ್ಲ ಇನ್ನೂ ಬಲ್ಗೇರಿಯನ್ನರು ಅನ್ನಬಹುದಾ ಅಂತ ಕೇಳಿದ್ದೀರಿ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ: ಕೆನಡಾದಲ್ಲಿ ಹುಟ್ಟಿದ ನಿಮ್ಮ ಮಗಳು "ನಾನು ಕನ್ನಡದವಳು" ಅಂದರೆ ನೆಂಟರು ನಗುತ್ತಾರೆ, ಅವಳಿಗೆ ಕನ್ನಡ ಓದಲು ಬರಲ್ಲ ಅಂತ. ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಆ ಸಾಲೇ ಅಲ್ವಾ?

ನಾನು ಧಾರವಾಡದ ಕಡೆಯವಳು. ಕೆಲಸದ ಮೇಲೆ ಹೋಗಿ ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿ ಐದು ವರ್ಷ ಇದ್ದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯಾರು ಎಲ್ಲಿಯವರು ಅಂತ ಹೇಳುವ ಹಕ್ಕು ಅವರವರದು. ಸರ್ಕಾರದ್ದಲ್ಲ, ನೆಂಟರದ್ದೂ ಅಲ್ಲ. ಬಲ್ಗೇರಿಯಾದಲ್ಲಿ ಸರ್ಕಾರವೇ ಒಮ್ಮೆ ಈ ಹಕ್ಕನ್ನು ಲಕ್ಷಾಂತರ ಜನರಿಂದ ಕಿತ್ತುಕೊಂಡಿತ್ತು. ಹಾಗೆ ಕಳೆದುಕೊಂಡವಳೊಬ್ಬಳ ಪಕ್ಕದ ಟೇಬಲ್‌ನಲ್ಲಿ ಕೂತು ನಾನು ಕೆಲಸ ಮಾಡಿದ್ದೇನೆ.

ಆದರೆ ಅಲ್ಲಿಗೆ ಹೋಗುವ ಮುಂಚೆ ಭಾಷೆಯ ವಿಷಯ ಸ್ವಲ್ಪ ಹೇಳಬೇಕು. ಸೋಫಿಯಾಕ್ಕೆ ಹೋದ ಮೊದಲ ತಿಂಗಳು ನನಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಆಮೇಲೆ ನಿಧಾನವಾಗಿ ಕೆಲವು ಪದಗಳು ಕಿವಿಗೆ ಬೀಳತೊಡಗಿದವು, ಅವು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಪದಗಳು. ಸಣ್ಣ ಚೀಲಕ್ಕೆ ಅವರು 'ಕೆಸಿಯಾ' ಅಂತಾರೆ. ನಮ್ಮ ಕಿಸೆ ಅದೇ. ಅಂಗಡಿಗೆ 'ದುಕ್ಯಾನ್', ನಮ್ಮಲ್ಲಿ ದುಕಾನ. ಮೂಟೆ ಹೊರುವವನು 'ಹಮಾಲಿನ್', ನಮ್ಮ ಹಮಾಲ. ಓಣಿಗೆ 'ಮಹಲಾ', ಮೈಸೂರಿನವರ ಮೊಹಲ್ಲಾ. ಅರಬ್ಬಿ ಪಾರ್ಸಿಯ ಈ ಪದಗಳು ನಮ್ಮಲ್ಲಿಗೆ ಬಿಜಾಪುರದಂಥ ದಖ್ಖನಿನ ಸುಲ್ತಾನರ ಕಾಲದಲ್ಲಿ ಬಂದವು, ಅವರಿಗೆ ಒಟ್ಟೊಮನ್ ತುರ್ಕರ ಕಾಲದಲ್ಲಿ ಸಿಕ್ಕವು. ಬಲ್ಗೇರಿಯಾ ಸುಮಾರು 500 ವರ್ಷ ಒಟ್ಟೊಮನ್ನರ ಕೈಯಲ್ಲಿತ್ತು, 1878ರವರೆಗೆ. ಆ ಆಳ್ವಿಕೆ ಹೋದರೂ ಪದಗಳು ಹೋಗಲಿಲ್ಲ. ತುರ್ಕಿ ಮಾತಾಡುವ ಹಳ್ಳಿಗಳೂ ಅಲ್ಲೇ ಉಳಿದವು.

ಇನ್ನೊಂದು ಪದ 'ಗುರ್ಬೆತ್'. ದುಡಿಯಲು ಊರು ಬಿಟ್ಟು ದೂರ ಹೋಗಿ ಬದುಕುವುದಕ್ಕೆ ಆ ಹೆಸರು. ನಾವು ಬಡವನಿಗೆ ಗರೀಬ ಅಂತೀವಲ್ಲ, ಅದರ ಬೇರೂ ಇದರ ಬೇರೂ ಒಂದೇ. ಅರಬ್ಬಿಯಲ್ಲಿ ಗರೀಬ್ ಅಂದರೆ ಪರದೇಶಿ. ಊರಿಲ್ಲದವನೇ ಬಡವ ಅಂತ ನಮ್ಮ ಕಡೆ ಅರ್ಥ ಹೊರಳಿತೇನೋ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಬಲ್ಗೇರಿಯಾದಲ್ಲಿ ಪ್ರತಿ ಮನೆಯಲ್ಲೂ ಗುರ್ಬೆತ್‌ಗೆ ಹೋದವರು ಒಬ್ಬರಾದರೂ ಇರುತ್ತಾರೆ ಅಂದರೆ ಜಾಸ್ತಿ ಹೇಳಿದಂತಲ್ಲ. 1989ರ ಹೊತ್ತಿಗೆ ಅಲ್ಲಿ ಸುಮಾರು 90 ಲಕ್ಷ ಜನ ಇದ್ದರು. 2021ರ ಜನಗಣತಿಯಲ್ಲಿ 65 ಲಕ್ಷ. ಹುಟ್ಟುವವರಿಗಿಂತ ಸಾಯುವವರು ಹೆಚ್ಚು ಅನ್ನುವುದು ಒಂದು ಕಾರಣ, ಜರ್ಮನಿ, ಸ್ಪೇನ್, ಬ್ರಿಟನ್‌ಗೆ ಹೋದವರು ಇನ್ನೊಂದು. ನಾನಿದ್ದ ಬಿಲ್ಡಿಂಗಿನ ಕೆಳಮನೆಯ ಅಜ್ಜಿಗೆ ಮೂವರು ಮೊಮ್ಮಕ್ಕಳು, ಮೂರೂ ಬೇರೆ ಬೇರೆ ದೇಶದಲ್ಲಿ. ಭಾನುವಾರ ಬೆಳಗ್ಗೆ ಅವರು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಬಾನಿತ್ಸಾ (ಚೀಸ್ ತುಂಬಿದ ಪದರ ಪದರದ ತಿಂಡಿ) ಹಿಟ್ಟು ಲಟ್ಟಿಸುತ್ತಾ, ಮೊಮ್ಮಗಳಿಗೆ ತೋರಿಸುತ್ತಾ ಮಾತಾಡುತ್ತಿದ್ದರು.

ಹೋದವರು ಬಲ್ಗೇರಿಯನ್ನರಲ್ಲ ಅನ್ನುವವರು ಅಲ್ಲೂ ಇದ್ದಾರೆ. ಅವರಿಗೆ ನಾನು ಹೇಳುತ್ತಿದ್ದ ಮಾತು ಇದು: ನಿಮ್ಮ ಹೊಸ ಕಾಲದ ಸಾಹಿತ್ಯ, ಪತ್ರಿಕೆ ಎಲ್ಲ ಹುಟ್ಟಿದ್ದು ಹೊರಗೇ. ಬಲ್ಗೇರಿಯನ್ನರಿಗೆ ತಮ್ಮ ಚರಿತ್ರೆಯನ್ನು ನೆನಪಿಸಿದ ಪುಸ್ತಕವನ್ನು ಪೈಸಿ ಅನ್ನುವ ಸನ್ಯಾಸಿ 1762ರಲ್ಲಿ ಆಥೋಸ್ ಬೆಟ್ಟದ ಮಠದಲ್ಲಿ ಬರೆದು ಮುಗಿಸಿದ. ಆ ಬೆಟ್ಟ ಇವತ್ತು ಗ್ರೀಸ್‌ನಲ್ಲಿದೆ. ಬಲ್ಗೇರಿಯನ್ ಅನ್ನಿಸಿಕೊಳ್ಳಲು ನಾಚುವವರನ್ನು ಅವನು ಅದರಲ್ಲಿ ಚೆನ್ನಾಗಿ ಬೈದಿದ್ದಾನೆ. ಬಲ್ಗೇರಿಯನ್ ಭಾಷೆಯ ಮೊದಲ ಸುದ್ದಿಪತ್ರಿಕೆಯನ್ನು ಇವಾನ್ ಬೊಗೊರೋವ್ 1846ರಲ್ಲಿ ಹೊರಡಿಸಿದ್ದು ಜರ್ಮನಿಯ ಲೈಪ್‌ಜಿಗ್‌ನಲ್ಲಿ. (ಅದಕ್ಕೆ ಮೂರೇ ವರ್ಷ ಮುಂಚೆ, 1843ರಲ್ಲಿ, ಜರ್ಮನಿಯಿಂದ ಬಂದ ಮೊಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ತಂದಿದ್ದ. ಅವರು ಪತ್ರಿಕೆಗಾಗಿ ಜರ್ಮನಿಗೆ ಹೋದರು, ನಮ್ಮಲ್ಲಿಗೆ ಜರ್ಮನಿಯವನೇ ಬಂದ.) ಮುಂದೆ ಬಲ್ಗೇರಿಯಾದ ವಿಜ್ಞಾನ ಅಕಾಡೆಮಿಯಾಗಿ ಬೆಳೆದ ಸಾಹಿತ್ಯ ಸಂಘ ಶುರುವಾಗಿದ್ದು 1869ರಲ್ಲಿ ರೊಮೇನಿಯಾದ ಬ್ರೆಯಿಲಾ ಊರಿನಲ್ಲಿ. ಶಾಲೆಯಲ್ಲಿ ಎಲ್ಲ ಮಕ್ಕಳೂ ಓದುವ ಇವಾನ್ ವಾಜೋವ್ ಅವರ ದೊಡ್ಡ ಕಾದಂಬರಿ ಕೂಡ ಆಗ ರಷ್ಯಾದ ಕೈಯಲ್ಲಿದ್ದ ಒಡೆಸ್ಸಾದಲ್ಲಿ ಬರೆಯಲು ಶುರುಮಾಡಿದ್ದು, ಅವರು ದೇಶ ಬಿಟ್ಟು ಅಲ್ಲಿದ್ದಾಗ.

ಹೊರಗಿನಿಂದ ಮಾತಾಡಿದ್ದಕ್ಕೆ ಪ್ರಾಣ ಕೊಟ್ಟವರೂ ಇದ್ದಾರೆ. ಗೆಯೋರ್ಗಿ ಮಾರ್ಕೋವ್ ಒಳ್ಳೆಯ ಲೇಖಕ, 1969ರಲ್ಲಿ ದೇಶ ಬಿಟ್ಟರು. ಲಂಡನ್‌ನಲ್ಲಿ ಬಿಬಿಸಿಯ ಕೆಲಸ. ರೇಡಿಯೋ ಫ್ರೀ ಯುರೋಪ್‌ನಲ್ಲಿ ಬಲ್ಗೇರಿಯಾದ ಒಳಗಿನ ಬದುಕಿನ ಬಗ್ಗೆ ಮಾತಾಡುತ್ತಿದ್ದರು, ಜನ ಊರಲ್ಲಿ ದನಿ ತಗ್ಗಿಸಿಟ್ಟು ಕೇಳುತ್ತಿದ್ದರು. 1978ರ ಸೆಪ್ಟೆಂಬರ್ 7ರಂದು ವಾಟರ್‌ಲೂ ಸೇತುವೆಯ ಹತ್ತಿರ ಬಸ್ಸಿಗೆ ಕಾಯುತ್ತಿದ್ದಾಗ ಯಾರೋ ಅವರ ತೊಡೆಗೆ ವಿಷದ ಸಣ್ಣ ಗುಂಡು ಹೊಡೆದರು. ನಾಲ್ಕು ದಿನಕ್ಕೆ ತೀರಿಕೊಂಡರು. ಒಂಬತ್ತು ವರ್ಷ ಹೊರಗಿದ್ದವನ ಮಾತು ಊರಿಗೆ ಮುಟ್ಟದೇ ಇದ್ದಿದ್ದರೆ ಯಾರು ತಾನೇ ಅಷ್ಟು ಹೆದರುತ್ತಿದ್ದರು?

ಈಗ ನನ್ನ ಗೆಳತಿಯ ಕಥೆ. ಅವಳ ಊರು ದಕ್ಷಿಣದ ಕರ್ಜಾಲಿ ಹತ್ತಿರದ ಹಳ್ಳಿ, ತಂಬಾಕು ಬೆಳೆಯುವ ಬೆಟ್ಟದ ಸೀಮೆ. ಮನೆಮಾತು ತುರ್ಕಿ. 1985ರಲ್ಲಿ ಅವಳಿಗೆ ಏಳು ವರ್ಷ. ಚಳಿಗಾಲದ ಒಂದು ದಿನ ಶಾಲೆಯಲ್ಲಿ ಹಾಜರಿ ಕರೆಯುವಾಗ ಟೀಚರ್ ಒಂದು ಹೊಸ ಹೆಸರು ಓದಿದರು. ಯಾರೂ ಏಳಲಿಲ್ಲ. ಮತ್ತೆ ಓದಿದರು. ಯಾವ ಹೊಸ ಹುಡುಗಿ ಬಂದಿದ್ದಾಳೆ ಅಂತ ಇವಳೂ ಹಿಂದೆ ತಿರುಗಿ ನೋಡಿದಳು. ಟೀಚರ್ ಹತ್ತಿರ ಬಂದು, ಬಗ್ಗಿ, ಸಣ್ಣ ದನಿಯಲ್ಲಿ "ಅದು ನೀನು" ಅಂದರಂತೆ.

1984ರ ಡಿಸೆಂಬರ್ ಕೊನೆಯಿಂದ ಕೆಲವೇ ತಿಂಗಳಲ್ಲಿ ಸುಮಾರು 8 ಲಕ್ಷ ತುರ್ಕಿ ಜನರ ಹೆಸರನ್ನು ತೊದೋರ್ ಝಿವ್ಕೋವ್ ಅವರ ಕಮ್ಯುನಿಸ್ಟ್ ಸರ್ಕಾರ ಬದಲಾಯಿಸಿತು. ಪೋಮಾಕ್ ಅನ್ನುವ, ಬಲ್ಗೇರಿಯನ್ ಮಾತಾಡುವ ಮುಸ್ಲಿಮರಿಗೆ ಇದೇ ಕಾಟ ಇನ್ನೂ ಮೊದಲೇ ಆಗಿತ್ತು. ಹಿಮ ಬಿದ್ದ ರಾತ್ರಿಗಳಲ್ಲಿ ಪೊಲೀಸರು, ಸೈನಿಕರು ಹಳ್ಳಿ ಸುತ್ತುವರಿದು, ಬಲ್ಗೇರಿಯನ್ ಹೆಸರುಗಳ ಪಟ್ಟಿ ಮುಂದಿಟ್ಟು, ಒಂದನ್ನು ಆರಿಸಿಕೋ ಅನ್ನುತ್ತಿದ್ದರು. ಆರಿಸದಿದ್ದರೆ ಅವರೇ ಒಂದನ್ನು ಬರೆಯುತ್ತಿದ್ದರು. ಹೊಸ ಹೆಸರಿನ ಗುರುತಿನ ಚೀಟಿ ಇಲ್ಲದಿದ್ದರೆ ಸಂಬಳ ಇಲ್ಲ. ರಸ್ತೆಯಲ್ಲಿ ತುರ್ಕಿ ಮಾತಾಡಿದರೆ ದಂಡ. ತುರ್ಕಿ ಭಾಷೆಯ ರೇಡಿಯೋ ನಿಂತಿತು. ತುರ್ಕಿ ಭಾಷೆಯಲ್ಲೂ ಬರುತ್ತಿದ್ದ ಪತ್ರಿಕೆ ಬರೀ ಬಲ್ಗೇರಿಯನ್ ಆಯಿತು. ಎದುರು ನಿಂತವರನ್ನು ಡ್ಯಾನ್ಯೂಬ್ ನದಿಯ ಬೆಲೆನೆ ದ್ವೀಪದ ಸೆರೆ ಶಿಬಿರಕ್ಕೆ ಸಾಗಿಸಿದರು. ಸತ್ತವರನ್ನೂ ಬಿಡಲಿಲ್ಲ. ದಾಖಲೆಗಳಲ್ಲಿ ತೀರಿಹೋದ ಅಜ್ಜ ಅಜ್ಜಿಯರ ಹೆಸರೂ ಬದಲಾಯಿತು. ನನ್ನ ಗೆಳತಿಗೆ ಇಂದಿಗೂ ಜಾಸ್ತಿ ನೋವು ಕೊಡುವುದು ಅದು. "ನನ್ನ ಅಜ್ಜ 1960ರಲ್ಲಿ ಸತ್ತ. 1985ರಲ್ಲಿ ಅವನನ್ನು ಎಬ್ಬಿಸಿ ಹೆಸರು ಬದಲಾಯಿಸಿ ಮತ್ತೆ ಮಲಗಿಸಿದರು" ಅಂದಿದ್ದಳು.

ಇದಕ್ಕೆಲ್ಲ ಸರ್ಕಾರ ಇಟ್ಟ ಹೆಸರು 'ಪುನರುಜ್ಜೀವನ'. ಇವರ ಹಿರಿಯರು ಮೂಲದಲ್ಲಿ ಬಲ್ಗೇರಿಯನ್ನರೇ, ಈಗ ತಾವಾಗಿಯೇ ಮನೆಗೆ ಮರಳುತ್ತಿದ್ದಾರೆ ಅನ್ನುವುದು ಅವರ ವಾದ. ಕಿಸೆ, ಓಣಿ, ಅಂಗಡಿಗೆಲ್ಲ ತುರ್ಕಿಯಿಂದ ಬಂದ ಪದಗಳನ್ನೇ ಬಳಸುತ್ತಾ, ಅದೇ ಭಾಷೆಯನ್ನು ರಸ್ತೆಯಲ್ಲಿ ಆಡಿದ ಮುದುಕಿಗೆ ದಂಡ ಹಾಕುತ್ತಿದ್ದರು. ನನಗೆ ಇದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ತೂಕ ಎತ್ತುವ ನಯಿಮ್ ಸುಲೆಯ್ಮಾನೋಗ್ಲು ಹೆಸರು ಕೇಳಿರಬಹುದು. ಅವರೂ ಇದೇ ಸೀಮೆಯವರು. ಅವರನ್ನು ನೌಮ್ ಶಲಮಾನೋವ್ ಮಾಡಿದ್ದರು. 1986ರಲ್ಲಿ ಮೆಲ್ಬರ್ನ್‌ಗೆ ಸ್ಪರ್ಧೆಗೆ ಹೋದವರು ತಂಡದಿಂದ ತಪ್ಪಿಸಿಕೊಂಡು ತುರ್ಕಿಗೆ ಹೋದರು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ತಮ್ಮ ಹೆಸರಿನಲ್ಲೇ ಚಿನ್ನ ಗೆದ್ದರು. ಗೆಳತಿಯ ಮನೆಯಲ್ಲಿ ಆ ದಿನ ಕಿಟಕಿ ಮುಚ್ಚಿ ಸಂಭ್ರಮ ಪಟ್ಟರಂತೆ.

1989ರ ಮೇ ತಿಂಗಳಲ್ಲಿ ಜನ ಬೀದಿಗಿಳಿದರು. 29ನೇ ತಾರೀಕು ಝಿವ್ಕೋವ್ ಟಿವಿಯಲ್ಲಿ ಬಂದು, ತುರ್ಕಿ ಗಡಿ ತೆರೆಯಲಿ, ಹೋಗುವವರು ಹೋಗಲಿ ಅಂದರು. ಜೂನ್‌ನಿಂದ ಆಗಸ್ಟ್‌ವರೆಗೆ, ತುರ್ಕಿ ಗಡಿ ಮುಚ್ಚುವ ತನಕ, 3 ಲಕ್ಷಕ್ಕೂ ಹೆಚ್ಚು ಜನ ಹೋದರು. ಕೈಯಲ್ಲಿ ಪ್ರವಾಸಿಗಳ ಪಾಸ್‌ಪೋರ್ಟ್. ಅದಕ್ಕೇ ಅದನ್ನು 'ದೊಡ್ಡ ಪ್ರವಾಸ' ಅಂತ ಕರೆದರು. ಗೆಳತಿಯ ಅಪ್ಪ ಹಳೇ ಕಾರಿನ ಮೇಲೆ ಫ್ರಿಜ್ಜು, ಹಾಸಿಗೆ ಕಟ್ಟಿ ಹೊರಟರು. ಆಕಳನ್ನು ಪಕ್ಕದ ಮನೆಯ ಬಲ್ಗೇರಿಯನ್ ಅಜ್ಜಿಗೆ ಬಿಟ್ಟರು, ಅಜ್ಜಿ ಅಳುತ್ತಾ ಹಗ್ಗ ಹಿಡಿದು ನಿಂತಿದ್ದರು. ಬೆಳೆದು ನಿಂತ ತಂಬಾಕು ಕೀಳಲು ಆಳಿಲ್ಲದೆ ಸರ್ಕಾರ ಬೇರೆ ಕಡೆಯಿಂದ ಜನರನ್ನು ಕಳಿಸಬೇಕಾಯಿತು.

ತುರ್ಕಿ ದೇಶದ ಬುರ್ಸಾ ನಗರದ ಶಾಲೆಯಲ್ಲಿ ಇವಳ ಹೆಸರು ಇವಳಿಗೆ ವಾಪಸ್ ಸಿಕ್ಕಿತು. ಆದರೆ ಮಕ್ಕಳು ಇವಳನ್ನು ಆ ಹೆಸರಿನಿಂದ ಕರೆಯಲಿಲ್ಲ, 'ಬಲ್ಗರ್', ಅಂದರೆ ಬಲ್ಗೇರಿಯನ್, ಅಂತ ಕರೆದರು. ಇವಳ ತುರ್ಕಿ ಉಚ್ಚಾರ ಬೇರೆ, ಬಟ್ಟೆ ಬೇರೆ. ಅಪ್ಪನಿಗೆ ಖಾಯಂ ಕೆಲಸ ಸಿಗಲಿಲ್ಲ. ಅಷ್ಟರಲ್ಲಿ ನವೆಂಬರ್ 10ಕ್ಕೆ ಝಿವ್ಕೋವ್ ಬಿದ್ದುಹೋದರು, ಹೆಸರು ಹಿಂದಿರುಗಿಸುವ ಕಾನೂನು 1990ರಲ್ಲಿ ಬಂತು. ಹೋದವರಲ್ಲಿ ಸುಮಾರು ಒಂದೂವರೆ ಲಕ್ಷ ಜನ ವಾಪಸ್ ಬಂದರು. ಇವರೂ ಬಂದರು. ಅಜ್ಜಿ ಆಕಳನ್ನು ಸಾಕಿಟ್ಟಿದ್ದರು.

ಸಾರ್ವಜನಿಕ ಟಿವಿಯಲ್ಲಿ ತುರ್ಕಿ ಭಾಷೆಯ ವಾರ್ತೆ 2000ದಲ್ಲಿ ಶುರುವಾಯಿತು, ದಿನಕ್ಕೆ ಕೆಲವೇ ನಿಮಿಷ. ಆ ಕೆಲವು ನಿಮಿಷಕ್ಕೂ ತಕರಾರು ಮಾಡುವವರು ಇದ್ದಾರೆ. 2012ರ ಜನವರಿಯಲ್ಲಿ ಸಂಸತ್ತು ಆ ಹೆಸರು ಬದಲಾವಣೆಯನ್ನು ಖಂಡಿಸಿ, 1989ರಲ್ಲಿ ಜನರನ್ನು ಹೊರಗೆ ಅಟ್ಟಿದ್ದು ಜನಾಂಗೀಯ ನಿರ್ಮೂಲನೆ ಅಂತ ಒಪ್ಪಿಕೊಂಡಿತು.

ಇಷ್ಟೆಲ್ಲ ಆದವಳು ಬಲ್ಗೇರಿಯಾವನ್ನು ದ್ವೇಷಿಸಬೇಕಿತ್ತು ಅಂತ ನಾನಂದುಕೊಂಡಿದ್ದೆ. ಮೇ 24 ಅಲ್ಲಿ ಅಕ್ಷರಗಳ ಹಬ್ಬ. ಸಿರಿಲಿಕ್ ಲಿಪಿ ಬೆಳೆದದ್ದು ಬಲ್ಗೇರಿಯಾದಲ್ಲಿ, 2007ರಲ್ಲಿ ಅವರು ಸೇರಿದ ಮೇಲೆ ಅದು ಯುರೋಪಿಯನ್ ಒಕ್ಕೂಟದ ಮೂರನೇ ಲಿಪಿಯಾಯಿತು. ಗೊಸ್ಪೊದಿನೋವ್ ಅವರಿಗೆ ಬೂಕರ್ ಬಂದದ್ದೂ ಈ ಹಬ್ಬದ ಹಿಂದಿನ ರಾತ್ರಿ. ನಾನು ಅಲ್ಲಿದ್ದ ಪ್ರತಿ ವರ್ಷ ಗೆಳತಿ ಆ ದಿನ ಮಗನಿಗೆ ಬಿಳಿ ಅಂಗಿ ಹಾಕಿ, ಕೈಗೆ ಹೂ ಕೊಟ್ಟು ಮೆರವಣಿಗೆಗೆ ಕರೆದುಕೊಂಡು ಹೋಗುತ್ತಿದ್ದಳು. ಹೇಗೆ ಸಾಧ್ಯ ಅಂತ ಒಮ್ಮೆ ಕೇಳಿದೆ. "ಈ ಅಕ್ಷರ ನನಗೆ ಕಲಿಸಿದ್ದು ಝಿವ್ಕೋವ್ ಅಲ್ಲ, ನನ್ನ ಟೀಚರ್" ಅಂದಳು. ಅದೇ ಟೀಚರ್. ಗೆಳತಿ ತುರ್ಕಿ ಭಾಷೆಯಲ್ಲಿ ಲೆಕ್ಕ ಮಾಡುತ್ತಾಳೆ, ಬಲ್ಗೇರಿಯನ್‌ನಲ್ಲಿ ಕವಿತೆ ಓದುತ್ತಾಳೆ. ಎರಡೂ ತನ್ನದು ಅಂತಾಳೆ. ಅವಳ ಎದುರು ಕೂತು ಅದರಲ್ಲಿ ಒಂದನ್ನು ತಪ್ಪು ಅನ್ನುವ ಧೈರ್ಯ ನನಗಂತೂ ಇಲ್ಲ.

ಆದ್ದರಿಂದ ನಿಮ್ಮ ಮಗಳು ಕನ್ನಡದವಳು ಅಂದರೆ, ಅವಳು ಕನ್ನಡದವಳು. ಓದಲು ಕಲಿಸಿ, ಖಂಡಿತ ಕಲಿಸಿ, ಹೊರಗಿರುವ ಬಲ್ಗೇರಿಯನ್ನರೂ ವಾರಾಂತ್ಯದ ಶಾಲೆ ನಡೆಸಿ ಮಕ್ಕಳಿಗೆ ಅದನ್ನೇ ಮಾಡುತ್ತಾರೆ. ಆದರೆ ಓದಲು ಬಂದ ಮೇಲೆ ಮಾತ್ರ ನೀನು ನಮ್ಮವಳು ಅನ್ನಬೇಡಿ. ನೆಂಟರು ನಕ್ಕಾಗ ಸುಮ್ನೆ ಇರಬೇಡಿ, ಅವಳ ಮುಂದೆಯೇ ಅವಳ ಪರ ಮಾತಾಡಿ.

ಯಾವತ್ತಾದರೂ ಬಲ್ಗೇರಿಯಾಕ್ಕೆ ಹೋದರೆ ಕರ್ಜಾಲಿ ಕಡೆ ಹೋಗಿ. ಅಲ್ಲಿ ಮೊಗಿಲ್ಯಾನೆ ಅನ್ನುವ ಹಳ್ಳಿಯಿದೆ. 1984ರ ಡಿಸೆಂಬರ್ 26ರಂದು ಹೆಸರು ಬದಲಾವಣೆ ವಿರೋಧಿಸಿ ಜನ ಸೇರಿದ್ದಾಗ ತುರ್ಕಾನ್ ಅನ್ನುವ 17 ತಿಂಗಳ ಹೆಣ್ಣುಮಗು ಸತ್ತಿತು. ಅವಳ ನೆನಪಿಗೆ ಕಟ್ಟಿದ 'ತುರ್ಕಾನ್ ಚೆಶ್ಮಾ' ಅಲ್ಲಿದೆ. ಚೆಶ್ಮಾ ಅಂದರೆ ದಾರಿಹೋಕರಿಗೆ ನೀರು ಬೀಳುವ ಕಲ್ಲಿನ ಕಟ್ಟೆ. ನಾವು ಕಣ್ಣಿಗೆ ಹಾಕುವ ಚಷ್ಮಾ ಕೂಡ ಅದೇ ಪಾರ್ಸಿ ಪದದಿಂದ ಬಂದದ್ದು. ಪ್ರತಿ ಡಿಸೆಂಬರ್ 26ಕ್ಕೆ ಅಲ್ಲಿ ಜನ ಸೇರುತ್ತಾರೆ. ನಾನು ಹೋದ ವರ್ಷ ಚಳಿ ವಿಪರೀತ. ಗೆಳತಿಯ ಅಮ್ಮ ಕೈಗವಸು ತೆಗೆದು, ಬೊಗಸೆಯಲ್ಲಿ ನೀರು ಹಿಡಿದು ಕುಡಿದು, ನನಗೂ ಕುಡಿ ಅಂತ ಸನ್ನೆ ಮಾಡಿದರು. ಆಮೇಲೆ ಚೀಲದಿಂದ ಖಾಲಿ ಬಾಟಲಿ ತೆಗೆದು, ಬುರ್ಸಾದಲ್ಲೇ ಉಳಿದ ತಂಗಿಗೆ ಕಳಿಸಲು ತುಂಬಿಸಿಕೊಂಡರು.