ಮಾರ್ಕ್ಸ್ ಕಾರ್ಡಾ, ಸ್ಯಾಟಾ? ಓದುಗರ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಅಮೆರಿಕದ ಕಾಲೇಜ್ ಅಡ್ಮಿಶನ್ ಬಗ್ಗೇನೆ. ಅಲ್ಲಿರೋ ಅಪ್ಪ ಅಮ್ಮಂದಿರು ಕೇಳಿದ್ದಾರೆ, ಇಲ್ಲಿಂದ ಮೊಮ್ಮಕ್ಕಳ ಪರವಾಗಿ ಅಜ್ಜಂದಿರೂ ಕೇಳಿದ್ದಾರೆ. ಒಂದೇ ಥರದವನ್ನ ಒಟ್ಟಿಗೆ ಸೇರಿಸಿದೀನಿ, ಯಾರ ಹೆಸರೂ ಹಾಕಿಲ್ಲ. ಹೊಸಬರಿಗೆ ಮೊದಲೇ ಹೇಳ್ಬಿಡ್ತೀನಿ, ಸ್ಯಾಟ್ ಅಂದ್ರೆ ಅಲ್ಲಿ ಕಾಲೇಜ್ ಸೇರೋಕೆ ಬರೆಯೋ 1600 ಅಂಕದ ಪರೀಕ್ಷೆ, ಜಿಪಿಎ ಅಂದ್ರೆ ಹೈಸ್ಕೂಲ್ ಗ್ರೇಡುಗಳ ಸರಾಸರಿ, ಸಾಮಾನ್ಯವಾಗಿ 4ಕ್ಕೆ, ಎಪಿ ಅಂದ್ರೆ ಹೈಸ್ಕೂಲಲ್ಲೇ ತಗೊಳ್ಳೋ ಕಾಲೇಜ್ ಮಟ್ಟದ ಕೋರ್ಸು.

ಪ್ರಶ್ನೆ: ಮೇಡಂ, ಮಗಳು ಈ ವರ್ಷ ಹನ್ನೆರಡನೇ ಕ್ಲಾಸು. ಜಿಪಿಎ 3.9 ಇದೆ, ಎಪಿ ಕೋರ್ಸ್‌ಗಳೂ ತಗೊಂಡಿದಾಳೆ. ಆದ್ರೆ ಸ್ಯಾಟ್ ಎಷ್ಟು ಬರೆದ್ರೂ 1380 ದಾಟ್ತಿಲ್ಲ. ಸ್ಕೋರ್ ಕಳಿಸೋದಾ ಬೇಡ್ವಾ? ನಮ್ಮೆಜಮಾನ್ರು ಕಳಿಸ್ಲೇಬೇಡ ಅಂತಾರೆ, ಸ್ಕೂಲಿನ ಕೌನ್ಸೆಲರ್ ನೋಡೋಣ ಅಂತ ತೇಲಿಸ್ತಾರೆ.

ಉತ್ತರ: ಯಾವ ಕಾಲೇಜಿಗೆ ಅಂತ ನೀವು ಬರ್ದೇ ಇಲ್ಲವಲ್ಲ ತಾಯಿ! ಉತ್ತರ ನಿಂತಿರೋದೇ ಅದರ ಮೇಲೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದ್ರೆ ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೋ ಇವೆಲ್ಲ ಸೇರೋ ಯುಸಿ ಗುಂಪು, ಸ್ಕೋರ್ ಕಳಿಸಿದ್ರೂ ಅಡ್ಮಿಶನ್ನಿಗೆ ನೋಡಲ್ಲ, ಅದಕ್ಕೆ ಟೆಸ್ಟ್ ಬ್ಲೈಂಡ್ ಅಂತಾರೆ. ಎಂಐಟಿ 2022ರಲ್ಲೇ ಟೆಸ್ಟ್ ಕಡ್ಡಾಯ ವಾಪಸ್ ತಂತು, 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಎಲ್ಲ ಸಾಲಾಗಿ ಅದೇ ದಾರಿ ಹಿಡಿದ್ವು, ಅಲ್ಲಿ ಕಳಿಸೋದಾ ಬೇಡ್ವಾ ಅನ್ನೋ ಪ್ರಶ್ನೇನೇ ಇಲ್ಲ. ನಿಮ್ಮ ತಲೆಬಿಸಿ ಇರೋದು ಮಧ್ಯದಲ್ಲಿರೋ ಟೆಸ್ಟ್ ಆಪ್ಷನಲ್, ಅಂದ್ರೆ ಸ್ಕೋರ್ ಕಳಿಸೋದು ಬಿಡೋದು ನಿಮ್ಮಿಷ್ಟ ಅನ್ನೋ ಕಾಲೇಜುಗಳದ್ದು ಮಾತ್ರ.

ಅವಕ್ಕೆ ಒಂದು ಕೆಲಸ ಮಾಡಿ. ಕಾಲೇಜಿನ ಹೆಸರು ಹಾಕಿ ಪಕ್ಕದಲ್ಲಿ ‘ಕಾಮನ್ ಡೇಟಾ ಸೆಟ್’ ಅಂತ ಹುಡುಕಿ. ಬಹಳಷ್ಟು ಕಾಲೇಜುಗಳು ವರ್ಷ ವರ್ಷ ಇದನ್ನ ಹೊರಗೆ ಹಾಕ್ತವೆ, ಜನ ತೆಗೆದು ನೋಡೋದೇ ಕಮ್ಮಿ. ಅದರಲ್ಲಿ ಸಿ7 ಅಂತ ಒಂದು ಟೇಬಲ್ ಇರತ್ತೆ, ತಗೊಂಡ ಕೋರ್ಸ್ ಎಷ್ಟು ಕಷ್ಟದ್ದು, ಜಿಪಿಎ, ಟೆಸ್ಟ್ ಸ್ಕೋರ್, ಪ್ರಬಂಧ, ಹೀಗೆ ಒಂದೊಂದರ ಮುಂದೆ ‘ಬಹಳ ಮುಖ್ಯ’, ‘ಮುಖ್ಯ’, ‘ನೋಡ್ತೀವಿ’, ‘ನೋಡಲ್ಲ’ ಅಂತ ನಾಲ್ಕು ಕಾಲಂ, ಕಾಲೇಜೇ ಟಿಕ್ ಹಾಕಿರತ್ತೆ. ಆಮೇಲೆ ಸಿ9. ಸೇರಿದ ಮಕ್ಕಳಲ್ಲಿ ಶೇಕಡ ಎಷ್ಟು ಜನ ಸ್ಕೋರ್ ಕಳಿಸಿದ್ರು, ಅವರದ್ದು 25ನೇ ಪರ್ಸೆಂಟೈಲ್ (ಕಾಲು ಭಾಗ ಮಕ್ಕಳು ಇದಕ್ಕಿಂತ ಕೆಳಗೆ) ಎಷ್ಟು, 75ನೇದು (ಮುಕ್ಕಾಲು ಭಾಗ ಕೆಳಗೆ) ಎಷ್ಟು ಅಂತ ಅಲ್ಲಿದೆ. 1300ರಿಂದ 1450 ಅಂತಿದ್ರೆ ಕಣ್ಣು ಮುಚ್ಕೊಂಡು ಕಳಿಸಿ. 1500ರಿಂದ 1560 ಅಂತಿದ್ರೆ ನಿಮ್ಮೆಜಮಾನ್ರ ಮಾತೂ ಪೂರ್ತಿ ತಪ್ಪಲ್ಲ, ಆದ್ರೆ ಒಂದು ನೆನಪಿರ್ಲಿ, ಆಪ್ಷನಲ್ ಮಾಡಿದ ಮೇಲೆ ಕಮ್ಮಿ ಬಂದೋರು ಕಳಿಸೋದೇ ನಿಲ್ಲಿಸಿದ್ರಿಂದ ಆ ನಂಬರ್ ತಾನಾಗೇ ಮೇಲೆ ಹೋಗಿದೆ. ಅದನ್ನ ನೋಡಿ ಇನ್ನಷ್ಟು ಜನ ಹೆದರಿ ಕಳಿಸಲ್ಲ, ಅದು ಇನ್ನೂ ಮೇಲೆ ಹೋಗತ್ತೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಅಪ್ಲಿಕೇಶನ್ ಜೊತೆ ಕೌನ್ಸೆಲರ್ ‘ಸ್ಕೂಲ್ ಪ್ರೊಫೈಲ್’ ಅಂತ ಒಂದೆರಡು ಪುಟ ಕಳಿಸ್ತಾರೆ. ಸ್ಕೂಲಲ್ಲಿ ಎಷ್ಟು ಎಪಿ ಕೋರ್ಸ್ ಸಿಗತ್ತೆ, ಗ್ರೇಡ್ ಹೆಂಗೆ ಕೊಡ್ತಾರೆ, ಎಷ್ಟು ಮಕ್ಕಳು ಮುಂದೆ ಕಾಲೇಜಿಗೆ ಹೋಗ್ತಾರೆ, ಎಷ್ಟೋ ಕಡೆ ಸ್ಯಾಟ್ ಸರಾಸರಿ ಎಷ್ಟು ಅನ್ನೋದೂ ಅದರಲ್ಲಿರತ್ತೆ. ಸರಾಸರಿ 1050 ಇರೋ ಸ್ಕೂಲಿಂದ ಬಂದ 1380ನ ಓದೋ ರೀತಿನೇ ಬೇರೆ, ಸರಾಸರಿ 1400 ಇರೋ ಕಡೆಯಿಂದ ಬಂದ 1380ನ ಓದೋ ರೀತಿನೇ ಬೇರೆ. ಡಾರ್ಟ್‌ಮತ್ 2024ರಲ್ಲಿ ನಿಯಮ ಬದಲಾಯಿಸಿದಾಗ ಕೊಟ್ಟ ದೊಡ್ಡ ಕಾರಣ ಇದೇನೇ, ಕಮ್ಮಿ ಆದಾಯದ ಮನೆ ಮಕ್ಕಳು ತಮಗೆ ಸಹಾಯ ಆಗ್ತಿದ್ದ ಸ್ಕೋರನ್ನೇ ಕಮ್ಮಿ ಅಂತ ತಿಳ್ಕೊಂಡು ಮುಚ್ಚಿಟ್ಟಿದ್ರು. ಹಾಗಾಗಿ ಕೌನ್ಸೆಲರ್ ಹತ್ರ ಆ ಪ್ರೊಫೈಲ್ ಕೇಳಿ ಇಸ್ಕೊಳ್ಳಿ, ‘ನೋಡೋಣ’ ಅಂತ ಇನ್ನೊಂದ್ಸಲ ತೇಲಿಸೋಕೆ ಬಿಡಬೇಡಿ.

ಪ್ರಶ್ನೆ: ಒಂದು ಕಡೆ ಓದ್ತೀನಿ ಗ್ರೇಡೇ ಮುಖ್ಯ ಅಂತ, ಚಿಕಾಗೋದ ಸ್ಟಡಿ ತೋರಿಸ್ತಾರೆ. ಇನ್ನೊಂದು ಕಡೆ ಓದ್ತೀನಿ ಗ್ರೇಡಿಂದ ಏನೂ ಗೊತ್ತಾಗಲ್ಲ, ಸ್ಯಾಟೇ ಸರಿ ಅಂತ. ಎರಡೂ ಕಡೆ ದೊಡ್ಡ ದೊಡ್ಡ ಪ್ರೊಫೆಸರ್‌ಗಳೇ. ಯಾರು ಸುಳ್ಳು ಹೇಳ್ತಿರೋದು?

ಉತ್ತರ: ಯಾರೂ ಅಲ್ಲ ಸರ್. ನೋಡಿರೋ ಮಕ್ಕಳು ಬೇರೆ, ಕೇಳಿರೋ ಪ್ರಶ್ನೆ ಬೇರೆ.

ಚಿಕಾಗೋದ್ದು 2020ರಲ್ಲಿ ಬಂದಿದ್ದು. ಅಲ್ಲಿನ ಸರ್ಕಾರಿ ಹೈಸ್ಕೂಲ್ ಮುಗಿಸಿ ನಾನಾ ಥರದ ನಾಲ್ಕು ವರ್ಷದ ಕಾಲೇಜು ಸೇರಿದ ಮಕ್ಕಳಲ್ಲಿ ಡಿಗ್ರಿ ಮುಗಿಸಿದೋರು ಯಾರು ಅಂತ ನೋಡಿದ್ರು. ಅದರಲ್ಲಿ ಜಿಪಿಎ ಪ್ರಭಾವ ಎಸಿಟಿ (ಸ್ಯಾಟ್ ಥರದ್ದೇ ಇನ್ನೊಂದು ಪರೀಕ್ಷೆ) ಸ್ಕೋರಿನ ಸುಮಾರು ಐದು ಪಟ್ಟು ಇತ್ತು. ಅದರಲ್ಲಿ ಆಶ್ಚರ್ಯ ಏನಿಲ್ಲ. ನಾಲ್ಕು ವರ್ಷ ದಿನಾ ಕ್ಲಾಸಿಗೆ ಹೋಗಿ, ಬೇಜಾರಾದ ಸಬ್ಜೆಕ್ಟಲ್ಲೂ ಹೋಂವರ್ಕ್ ಕೊಟ್ಟು, ಸರಿ ಹೊಂದದ ಟೀಚರ್ ಹತ್ರಾನೂ ಹೆಂಗೋ ನಿಭಾಯಿಸಿದ್ರೆ ಬರೋದು ಜಿಪಿಎ, ಕಾಲೇಜು ಮುಗಿಸೋಕೆ ಬೇಕಾಗಿರೋದೂ ಅದೇ ಗುಣ. ಸ್ಯಾಟ್ ಅನ್ನೋದು 2 ಗಂಟೆ 14 ನಿಮಿಷದ ಪರೀಕ್ಷೆ, ಅಷ್ಟರಲ್ಲಿ ಈ ಗುಣ ಅಳೆಯೋಕಾಗಲ್ಲ, ಅಳಿತೀನಿ ಅಂತ ಅದು ಹೇಳೂ ಇಲ್ಲ.

ಇನ್ನೊಂದು ಸ್ಟಡಿ 2024ರ ಜನವರಿದು, ಹಾರ್ವರ್ಡಿನ ಆಪರ್ಚುನಿಟಿ ಇನ್‌ಸೈಟ್ಸ್ ತಂಡದ್ದು. ಅವರು ನೋಡಿದ್ದು ಐವಿ ಲೀಗ್ (ಹಾರ್ವರ್ಡ್, ಬ್ರೌನ್, ಡಾರ್ಟ್‌ಮತ್ ಥರದ ಎಂಟು ಹೆಸರಾಂತ ಯೂನಿವರ್ಸಿಟಿ) ಮತ್ತೆ ಅದೇ ಮಟ್ಟದ ಇನ್ನು ಕೆಲವು ಕಾಲೇಜು ಸೇರಿದೋರನ್ನ ಮಾತ್ರ. ಸ್ಯಾಟ್ 1600 ಬಂದೋರಿಗೂ 1200 ಬಂದೋರಿಗೂ ಕಾಲೇಜಿನ ಮೊದಲ ವರ್ಷದ ಜಿಪಿಎಲಿ 0.43ರಷ್ಟು ವ್ಯತ್ಯಾಸ ಇತ್ತು. ಹೈಸ್ಕೂಲಲ್ಲಿ 4.0 ಇದ್ದೋರಿಗೂ 3.2 ಇದ್ದೋರಿಗೂ 0.1ಕ್ಕಿಂತ ಕಮ್ಮಿ. ಇದನ್ನ ಹಿಡ್ಕೊಂಡು ‘ಗ್ರೇಡ್ ವೇಸ್ಟು’ ಅಂತ ಬರೆಯೋರು ಒಂದು ಮಾತು ಬಿಟ್ಟುಬಿಡ್ತಾರೆ. ಆ ಕಾಲೇಜಿಗೆ ಸೇರಿದೋರಲ್ಲಿ ಹೆಚ್ಚೂಕಮ್ಮಿ ಎಲ್ಲರ ಗ್ರೇಡೂ ಮೇಲೇ ಇರತ್ತೆ. 3.9, 3.95, 4.0 ಅಂತ ಎಲ್ಲರೂ ಒಂದೇ ಜಾಗದಲ್ಲಿ ಗುಂಪಾಗಿ ನಿಂತಿರುವಾಗ ಅದರಿಂದ ಯಾರನ್ನ ಯಾರಿಂದ ಬೇರೆ ಮಾಡ್ತೀರಿ? ಮತ್ತೆ 3.2 ಇಟ್ಕೊಂಡು ಅಲ್ಲಿಗೆ ಸೇರಿದ ಹುಡುಗ ಬೇರೇನೋ ಜೋರಾಗಿದ್ದಕ್ಕೇ ಸೇರಿರ್ತಾನೆ, ಅವನು ಮಾಮೂಲಿ 3.2 ಅಲ್ವೇ ಅಲ್ಲ.

ಹಾಗಾಗಿ ನನ್ನ ಲೆಕ್ಕ ಇಷ್ಟು, ಸಾವಿರಾರು ಮಕ್ಕಳನ್ನ ತಗೊಳ್ಳೋ ಸಾಧಾರಣ ಕಾಲೇಜಿಗೆ ಗ್ರೇಡೇ ಭಾರ, ಟೆಸ್ಟ್ ಸುಮ್ನೆ ಒಂದು ಚೆಕ್ ಇದ್ದಂಗೆ. ಅಪ್ಲೈ ಮಾಡಿದೋರೆಲ್ಲ ಎ ಗ್ರೇಡೇ ಹಿಡ್ಕೊಂಡು ಬರೋ ಕಡೆ ಟೆಸ್ಟಿನ ತೂಕ ಜಾಸ್ತಿ ಆಗತ್ತೆ, ಅದು ಗ್ರೇಡಿಗಿಂತ ಒಳ್ಳೆಯ ಅಳತೆ ಅಂತಲ್ಲ, ಗ್ರೇಡಿನ ಸ್ಕೇಲು ಅಲ್ಲಿಗೆ ಮುಗಿದುಹೋಗಿರತ್ತೆ ಅಂತ. ಎಂಐಟಿ ಹೇಳಿದ್ದೂ ಹೆಚ್ಚೂಕಮ್ಮಿ ಇದೇ ಧಾಟಿಲಿ. ಅಲ್ಲಿ ಯಾವ ಡಿಗ್ರಿ ಮಾಡಿದ್ರೂ ಎರಡು ಸೆಮಿಸ್ಟರ್ ಕ್ಯಾಲ್ಕುಲಸ್, ಎರಡು ಸೆಮಿಸ್ಟರ್ ಫಿಸಿಕ್ಸ್ ಪಾಸ್ ಮಾಡ್ಲೇಬೇಕು, ಹಾಗಾಗಿ ಗಣಿತದ ಸ್ಕೋರ್ ನಮಗೆ ಬೇಕು ಅಂದ್ರು. ಸಾಹಿತ್ಯ ಓದಿಸೋ ಸಣ್ಣ ಕಾಲೇಜಿಗೆ ಆ ಕಾರಣ ಒಪ್ಪಲ್ಲ. ಮೇನ್ ರಾಜ್ಯದ ಬೌಡನ್ ಕಾಲೇಜು 1969ರಲ್ಲೇ ಟೆಸ್ಟ್ ಆಪ್ಷನಲ್ ಮಾಡಿ ಆರಾಮಾಗಿ ನಡೀತಿದೆ.

ಪ್ರಶ್ನೆ: ಸ್ಯಾಟ್ ಅಂದ್ರೆ ದುಡ್ಡಿರೋರ ಪರೀಕ್ಷೆ, ಅದನ್ನ ತೆಗೆದ್ರೇನೇ ನ್ಯಾಯ. ನೀವು ಒಪ್ತೀರಾ?

ಉತ್ತರ: ಅರ್ಧ ಒಪ್ತೀನಿ. ಆದಾಯ ಏರಿದಂಗೆ ಸ್ಕೋರ್ ಏರೋದು ನಿಜ, ಅದರಲ್ಲಿ ವಾದಾನೇ ಇಲ್ಲ. ಆದ್ರೆ ಸ್ಯಾಟ್ ತೆಗೆದ್ರೆ ದುಡ್ಡಿನ ಆಟ ನಿಂತುಹೋಗತ್ತೆ ಅನ್ನೋದನ್ನ ಒಪ್ಪಲ್ಲ. ಒಂದು ಸ್ಕೂಲಲ್ಲಿ ಇಪ್ಪತ್ತು ಎಪಿ ಕೋರ್ಸ್ ಇರತ್ತೆ, ಇನ್ನೊಂದರಲ್ಲಿ ಎರಡು. ಎಪಿಲಿ ಎ ಬಂದ್ರೆ ಎಷ್ಟೋ ಕಡೆ 4ರ ಬದಲು 5 ಹಾಕ್ತಾರೆ, ಅಲ್ಲಿಗೆ ವೆಯ್ಟೆಡ್ ಜಿಪಿಎ ಯಾರದ್ದು ಮೇಲೆ ಹೋಗತ್ತೆ ಹೇಳಿ? ಪ್ರಬಂಧ ತಿದ್ದೋಕೆ ಕನ್ಸಲ್ಟೆಂಟ್, ಗಣಿತಕ್ಕೆ ಮನೆಗೆ ಬರೋ ಟ್ಯೂಟರ್, ಬಿ ಕೊಟ್ರೆ ಪ್ರಿನ್ಸಿಪಾಲ್ ಹತ್ರ ಹೋಗಿ ಜಗಳ ಆಡೋ ಅಪ್ಪ, ಇದ್ಯಾವುದೂ ಬಡವರ ಮನೇಲಿ ಇರಲ್ಲ. ಸ್ಯಾಟ್ ತಯಾರಿನಾದ್ರೂ ಖಾನ್ ಅಕಾಡೆಮಿಲಿ 2015ರಿಂದ ಫ್ರೀ ಇದೆ.

ಯುಸಿ ಕಥೆ ಕೇಳಿ. 2020ರಲ್ಲಿ ಅಲ್ಲಿನ ಅಧ್ಯಾಪಕರದೇ ಒಂದು ಟಾಸ್ಕ್ ಫೋರ್ಸ್ ಕೂತು ಲೆಕ್ಕ ಹಾಕಿ, ನಮ್ಮಲ್ಲಿ ಮೊದಲ ವರ್ಷದ ಫಲಿತಾಂಶನ ಹೈಸ್ಕೂಲ್ ಗ್ರೇಡಿಗಿಂತ ಟೆಸ್ಟೇ ಚೆನ್ನಾಗಿ ಹೇಳ್ತಿದೆ ಅಂತ ವರದಿ ಕೊಡ್ತು. ಅದೇ ವರ್ಷ ಮೇ ತಿಂಗಳಲ್ಲಿ ಯುಸಿಯ ಆಡಳಿತ ನೋಡ್ಕೊಳ್ಳೋ ರೀಜೆಂಟ್ಸ್ ಮಂಡಳಿ ಟೆಸ್ಟನ್ನ ಹಂತ ಹಂತವಾಗಿ ಕೈಬಿಡೋಕೆ ಮತ ಹಾಕ್ತು. 2025ರ ನವೆಂಬರಲ್ಲಿ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನ ಒಂದು ವರದಿ ಬಂತು, ಹೊಸದಾಗಿ ಸೇರಿದ ಎಂಟು ಮಕ್ಕಳಲ್ಲಿ ಒಬ್ಬರ ಗಣಿತ ಹೈಸ್ಕೂಲ್ ಮಟ್ಟಕ್ಕಿಂತ ಕೆಳಗಿದೆ ಅಂತ. ಮಾರ್ಕ್ಸ್ ಕಾರ್ಡ್ ನೋಡಿದ್ರೆ ಎಷ್ಟೋ ಜನಕ್ಕೆ ಗಣಿತದಲ್ಲಿ ಎ! ಕೋವಿಡ್ ಕಾಲದ ಆನ್‌ಲೈನ್ ಕ್ಲಾಸು, ಧಾರಾಳವಾಗಿ ಗ್ರೇಡ್ ಕೊಡೋದು, ಟೆಸ್ಟ್ ಇಲ್ದೇ ಇರೋದು ಎಲ್ಲ ಸೇರಿ ಹಿಂಗಾಗಿದೆ ಅಂತ ಆ ವರದಿನೇ ಹೇಳತ್ತೆ, ಒಂದರ ಮೇಲೇ ಗೂಬೆ ಕೂರಿಸೋದು ಬೇಡ. ಆದ್ರೆ ಎ ಕೊಟ್ಟು ಕಳಿಸಿ ಮಗುನ ಮೊದಲ ಸೆಮಿಸ್ಟರಲ್ಲೇ ಮುಳುಗೋಕೆ ಬಿಡೋದು ಯಾವ ಸೀಮೆ ನ್ಯಾಯ ಅಂತ ನನಗೂ ಅರ್ಥ ಆಗಿಲ್ಲ.

ಪ್ರಶ್ನೆ: ನಮ್ಮ ಸಿಇಟಿಲಿ ಪಿಯುಸಿದು 50, ಸಿಇಟಿದು 50 ಅಂತ ನೇರವಾಗಿದೆ. ಅಮೆರಿಕದೋರು ಯಾಕೆ ಹಿಂಗೆ ಅರ್ಧ ಅರ್ಧ ಮಾಡಿ ಮುಗಿಸಲ್ಲ? ಮೊಮ್ಮಗನಿಗೋಸ್ಕರ ಕೇಳ್ತಿದೀನಮ್ಮ.

ಉತ್ತರ: ಅಜ್ಜ, ನಿಮ್ಮ ಪ್ರಶ್ನೆ ಓದಿ ಖುಷಿ ಆಯ್ತು, ಯಾಕಂದ್ರೆ ಇಲ್ಲಿ ಎರಡು ಗಂಟು ಇದೆ. ಮೊದಲನೇದು, ಪಿಯುಸಿ ಅಂಕನೂ ಒಂದು ಪಬ್ಲಿಕ್ ಪರೀಕ್ಷೆದೇ ಅಲ್ವಾ, ರಾಜ್ಯಕ್ಕೆಲ್ಲ ಒಂದೇ ಪೇಪರು, ತಿದ್ದೋರಿಗೆ ಹುಡುಗ ಯಾರು ಅಂತಾನೇ ಗೊತ್ತಿರಲ್ಲ. ಅಮೆರಿಕದ ಜಿಪಿಎ ಹಂಗಲ್ಲ, ಪಾಠ ಮಾಡಿದ ಟೀಚರೇ ಕ್ವಿಜ್, ಲ್ಯಾಬ್, ಹೋಂವರ್ಕ್ ಎಲ್ಲ ಸೇರಿಸಿ ಕೊಡೋದು. ನಮ್ಮ ಅರ್ಧ ಅರ್ಧ ಅಂದ್ರೆ ಒಂದು ಪರೀಕ್ಷೆನ ಇನ್ನೊಂದು ಪರೀಕ್ಷೆ ಜೊತೆ ತೂಗಿದಂಗೆ, ಅವರು ತೂಗ್ಬೇಕಾಗಿರೋದು ನಾಲ್ಕು ವರ್ಷದ ಕೆಲಸನ ಒಂದು ಬೆಳಗ್ಗೆ ಜೊತೆ.

ಎರಡನೇದು ಸ್ವಲ್ಪ ಲೆಕ್ಕದ್ದು. ಕಾಗದದ ಮೇಲೆ 50-50 ಅಂದ ಮಾತ್ರಕ್ಕೆ ರ್‍ಯಾಂಕಲ್ಲಿ 50-50 ಆಗಲ್ಲ. ಇಬ್ಬರು ಹುಡುಗರನ್ನ ತಗೊಳ್ಳಿ, ಒಬ್ಬನಿಗೆ ಪಿಯುಸಿಲಿ ಶೇಕಡ 98, ಸಿಇಟಿಲಿ 60. ಇನ್ನೊಬ್ಬನಿಗೆ ಪಿಯುಸಿ 94, ಸಿಇಟಿ 75. ಅರ್ಧ ಅರ್ಧ ಹಾಕಿದ್ರೆ ಮೊದಲನೆಯವನಿಗೆ 79, ಎರಡನೆಯವನಿಗೆ 84.5. ಪಿಯುಸಿಲಿ ಮೇಲಿನ ಮಕ್ಕಳೆಲ್ಲ 90ರಿಂದ 100ರ ಒಳಗೆ ಒತ್ತಾಗಿ ಕೂತಿರ್ತಾರೆ, ಸಿಇಟಿಲಿ 40ರಿಂದ 90ರ ತನಕ ಹರಡಿರ್ತಾರೆ ಅಂದ್ರೆ, ರ್‍ಯಾಂಕ್ ತೀರ್ಮಾನ ಮಾಡೋದು ಹರಡಿರೋದೇ ಹೊರತು ಒತ್ತಾಗಿರೋದಲ್ಲ. ಸಮಾನ ತೂಕ ಬೇಕಂದ್ರೆ ಮೊದಲು ಎರಡರ ಹರವನ್ನೂ ಒಂದು ಮಟ್ಟಕ್ಕೆ ತಂದು ಆಮೇಲೆ ಕೂಡಿಸ್ಬೇಕು.

ಮತ್ತೆ ನೇರ ಫಾರ್ಮುಲಾ ಅಂದ್ರೆ ತಕರಾರಿಲ್ಲ ಅಂತೇನೂ ಅಲ್ಲ, 2021ರಲ್ಲಿ ಕೋವಿಡ್‌ನಿಂದ ಪಿಯು ಪರೀಕ್ಷೆನೇ ನಡೀಲಿಲ್ಲ, ಆ ವರ್ಷ ಬರೀ ಸಿಇಟಿ ಮೇಲೆ ರ್‍ಯಾಂಕ್ ಕೊಟ್ರು, ಮುಂದಿನ ವರ್ಷ ಅದೇ ಬ್ಯಾಚಿನ ರಿಪೀಟರ್ಸ್ ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕ ಸೇರಿಸ್ಬೇಕಾ ಬೇಡ್ವಾ ಅಂತ ಜಗಳ ಹೈಕೋರ್ಟಿಗೇ ಹೋಯ್ತು. ಅಮೆರಿಕದಲ್ಲೂ ಫಾರ್ಮುಲಾ ಇರೋ ಕಡೆ ಇದೆ ಅಜ್ಜ. ಟೆಕ್ಸಸ್‌ನಲ್ಲಿ 1997ರ ಕಾನೂನಿನ ಪ್ರಕಾರ ಪ್ರತಿ ಹೈಸ್ಕೂಲಿನ ಮೊದಲ ಹತ್ತು ಪರ್ಸೆಂಟ್ ಮಕ್ಕಳಿಗೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಲಿ ನೇರ ಸೀಟು, ಆ ಸೀಟು ನಿಂತಿರೋದು ಕ್ಲಾಸ್ ರ್‍ಯಾಂಕ್ ಮೇಲೆ, ಸ್ಯಾಟ್ ಸ್ಕೋರ್ ಮೇಲಲ್ಲ. ಆಸ್ಟಿನ್ ಕ್ಯಾಂಪಸ್ಸಿಗೆ ನೂಕುನುಗ್ಗಲು ಜಾಸ್ತಿಯಾಗಿ ಅಲ್ಲಿ ಆ ಹತ್ತನ್ನ ಕಮ್ಮಿ ಮಾಡ್ತಾ ಬಂದಿದ್ದಾರೆ. ಮೊಮ್ಮಗ ಟೆಕ್ಸಸ್‌ನಲ್ಲೇ ಓದ್ತಿದ್ರೆ ಅವನ ಕ್ಲಾಸ್ ರ್‍ಯಾಂಕ್ ಎಷ್ಟು ಅಂತ ಮೊದಲು ಕೇಳಿ.

ಪ್ರಶ್ನೆ: ಅಕ್ಕಾ, ನಾನು ಒಂಬತ್ತನೇ ಕ್ಲಾಸಲ್ಲಿ ಸರಿಯಾಗಿ ಓದಿಲ್ಲ, ಸಿ ಎಲ್ಲ ಇದೆ. ಈಗ ಸ್ಯಾಟ್ 1520. ಇದು ಅದನ್ನ ಮುಚ್ಚತ್ತಾ?

ಉತ್ತರ: ಮುಚ್ಚಲ್ಲಪ್ಪ. ಸ್ಕೋರ್ ಜೋರು, ಗ್ರೇಡ್ ಡಲ್ಲು ಅಂದ್ರೆ ಓದೋರಿಗೆ ಮೊದಲು ಬರೋ ಯೋಚನೆ ‘ತಲೆ ಇದೆ, ಕೂತು ಕೆಲಸ ಮಾಡಲ್ಲ’ ಅಂತ. ಅದನ್ನ ಅಳಿಸೋದು ಹತ್ತು, ಹನ್ನೊಂದರ ಗ್ರೇಡು ಮಾತ್ರ, ಅಲ್ಲಿ ಏರಿದ್ರೆ ಒಂಬತ್ತನೇದನ್ನ ಯಾರೂ ಅಷ್ಟು ಕೆದಕಲ್ಲ. ಯುಸಿಗಂತೂ ಜಿಪಿಎ ಲೆಕ್ಕಕ್ಕೆ ತಗೊಳ್ಳೋದೇ ಹತ್ತು ಮತ್ತು ಹನ್ನೊಂದನ್ನ. ಆ ವರ್ಷ ಮನೇಲಿ ಏನಾದ್ರೂ ತೊಂದರೆ ಇತ್ತಾ? ಇದ್ರೆ ಅಪ್ಲಿಕೇಶನ್ನಿನ ಅಡಿಷನಲ್ ಇನ್ಫರ್ಮೇಶನ್ ಜಾಗದಲ್ಲಿ ಮೂರು ನಾಲ್ಕು ಸಾಲು ಬರಿ, ಗೋಳಾಟ ಬೇಡ. ಇಲ್ದಿದ್ರೆ ಏನೂ ಕಟ್ಟೋಕೆ ಹೋಗ್ಬೇಡ. 1520 ಬಂದ ಮೇಲೆ ಮತ್ತೆ ಸ್ಯಾಟ್ ಬರೆಯೋ ಹುಚ್ಚೂ ಬೇಡ, ಹನ್ನೆರಡನೇ ಕ್ಲಾಸಿನ ಮೊದಲ ಸೆಮಿಸ್ಟರ್ ಗ್ರೇಡನ್ನ ಬಹಳಷ್ಟು ಕಾಲೇಜು ತರಿಸ್ಕೊಂಡು ನೋಡ್ತವೆ, ಅದಕ್ಕೆ ಕೂತ್ಕೊ.