ಆರ್ಥೋ ಸೀಟು ಸಿಕ್ಕಿದೆ, ಚಾರ್ನ್ಲಿ ದಾರಿ ಹಿಡಿಯಲೋ ಯಾಮಾನಾಕಾ ದಾರಿ ಹಿಡಿಯಲೋ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಸ್ವಲ್ಪ ಹೊಟ್ಟೆ ಚುರ್ ಅಂತಲೂ ಅಂತು. ಬೆಂಗಳೂರಲ್ಲೇ ಆರ್ಥೋ ಪಿಜಿ ಸೀಟು, ಸೇರೋಕೆ ಇನ್ನೂ ಟೈಮ್ ಇದೆ, ಅಷ್ಟರಲ್ಲೇ ದೊಡ್ಡ ದೊಡ್ಡ ಮೂಳೆ ಡಾಕ್ಟರ್‌ಗಳ ಜೀವನ ಓದಿ ಪಟ್ಟಿ ಮಾಡಿದ್ದೀರಿ. ಚಾರ್ನ್ಲಿ ಥರ ಇಂಪ್ಲಾಂಟ್ (ಕೃತಕ ಕೀಲು) ಕಡೆಗೋ, ಸೇಠಿ ಥರ ಸಮಾಜಸೇವೆಗೋ, ಯಾಮಾನಾಕಾ ಥರ ಎಲ್ಲ ಬಿಟ್ಟು ಲ್ಯಾಬ್‌ಗೋ ಅಂತ ಕೇಳುತ್ತಿದ್ದೀರಿ. ನನ್ನ ಹತ್ತಿರವೂ ಇಂಥದೇ ಪಟ್ಟಿ ಇತ್ತು. ಅವೆನ್ಯೂ ರಸ್ತೆಯಲ್ಲಿ ತಗೊಂಡ ಲಾಂಗ್ ಸೈಜ್ ನೋಟ್‌ಬುಕ್ಕಿನಲ್ಲಿ, ಕೆಂಪು ಪೆನ್ನಲ್ಲಿ ಹೆಸರು, ನೀಲಿ ಪೆನ್ನಲ್ಲಿ ಸಾಧನೆ. ಇಪ್ಪತ್ತು ವರ್ಷ ಆಯ್ತು.

ಮೊದಲ ಪುಟ ಚಾರ್ನ್ಲಿಯದು. ಸೊಂಟದ ಕೀಲು ಬದಲಿಸೋ ಆಪರೇಷನ್ನನ್ನು ಇವತ್ತಿನ ರೂಪಕ್ಕೆ ತಂದ ಮನುಷ್ಯ. ನಾನೂ ಹಿಪ್ ಸರ್ಜನ್ ಆಗಬೇಕು, ಇಂಗ್ಲೆಂಡಿಗೆ ಫೆಲೋಶಿಪ್ ಹೋಗಬೇಕು, ವಾಪಸ್ ಬಂದು ನಮ್ಮವರ ಮೂಳೆಗೆ ಸರಿಹೊಂದೋ ಇಂಪ್ಲಾಂಟ್ ಮಾಡಬೇಕು. ಇಷ್ಟು ಪ್ಲಾನ್ ಇಟ್ಟುಕೊಂಡು ನಗರದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಪಿಜಿ ಸೇರಿದೆ. ಯಾವುದು ಅಂತ ಬೇಡ.

ಸಿಕ್ಕಿದ್ದು ಏನು? ಬುಧವಾರದ ಸೊಟ್ಟಪಾದದ ಕ್ಲಿನಿಕ್, ಅಂದರೆ ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರೋ ಮಕ್ಕಳದು. ಥೀಸಿಸ್ ಕೂಡ ಅದರ ಮೇಲೆಯೇ. ನನ್ನ ಜೊತೆಯವನಿಗೆ ಹಿಪ್ ಫ್ರ್ಯಾಕ್ಚರ್ ಕೊಟ್ಟರು, ನನಗೆ ಒಂದು ತಿಂಗಳ ಕೂಸುಗಳ ಕಾಲಿಗೆ ಪಟ್ಟಿ ಹಾಕೋದು. ಅವಮಾನ ಆದ ಹಾಗೆ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಆಗ ಪೊನ್ಸೆಟಿ ವಿಧಾನ ನಮ್ಮ ಕಡೆ ಇನ್ನೂ ಹೊಸದು. ವಾರಕ್ಕೊಂದು ಪ್ಲಾಸ್ಟರ್ ಪಟ್ಟಿ, ತೊಡೆವರೆಗೆ. ಐದಾರು ಪಟ್ಟಿಯಲ್ಲಿ ಪಾದ ನೇರವಾಗುತ್ತೆ. ಆಮೇಲೆ ಬಹಳ ಮಕ್ಕಳಿಗೆ ಹಿಮ್ಮಡಿ ಮೇಲಿನ ನರವನ್ನು (ನರ ಅಂತ ಜನ ಹೇಳೋದು, ನಿಜಕ್ಕೆ ಅದು ಸ್ನಾಯುವಿನ ತುದಿ) ಚಿಕ್ಕದಾಗಿ ಕತ್ತರಿಸಿ, ಮೂರು ವಾರ ಕೊನೇ ಪಟ್ಟಿ. ಆಮೇಲೆ ಕಬ್ಬಿಣದ ಪಟ್ಟಿಗೆ ಜೋಡಿಸಿದ ಶೂ, ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷದವರೆಗೆ ಮಲಗುವಾಗ. ಇಂಟರ್ನೆಟ್‌ನಲ್ಲಿ ಸಿಕ್ಕ ಪುಸ್ತಿಕೆ ಪ್ರಿಂಟ್ ತೆಗೆಸಿ ಒಂದೇ ರಾತ್ರಿಯಲ್ಲಿ ಓದಿದೆ. ಇಷ್ಟೇನಾ ಅಂದುಕೊಂಡೆ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ, ಉದ್ದ ಆಗುತ್ತೆ, ಸಹಿಸಿಕೊಳ್ಳಿ. ಇದನ್ನು ಹೇಳೋಕೇ ಈ ಉತ್ತರ ಬರೆಯುತ್ತಿರೋದು.

ಪಟ್ಟಿ ಹಾಕುವಾಗ ಒಂದು ಕೈಯಿಂದ ಮಗುವಿನ ಪಾದದ ಮುಂಭಾಗವನ್ನು ಹೊರಗಡೆಗೆ ತಳ್ಳಬೇಕು. ಇನ್ನೊಂದು ಕೈಯ ಹೆಬ್ಬೆರಳು ಪಾದದ ಹೊರಬದಿಯಲ್ಲಿ ಎದುರು ಒತ್ತಿ ನಿಲ್ಲಬೇಕು, ಬಾಗಿಲಿಗೆ ತಿರುಗಣಿ ಇದ್ದ ಹಾಗೆ. ಆ ಹೆಬ್ಬೆರಳು ಎಲ್ಲಿ ಕೂರುತ್ತೆ ಅನ್ನೋದೇ ಎಲ್ಲ. ಟೇಲಸ್ ಅನ್ನೋ ಮೂಳೆಯ ತಲೆ ಇರುತ್ತೆ, ಹೊರಗಿನ ಹರಡಿನ ಸ್ವಲ್ಪ ಮುಂದೆ, ಸೊಟ್ಟಪಾದದಲ್ಲಿ ಕಡಲೆಕಾಳಿನ ಹಾಗೆ ಕೈಗೆ ಸಿಗುತ್ತೆ. ಒತ್ತಬೇಕಾದ್ದು ಅಲ್ಲಿ. ನಾನು ಒತ್ತುತ್ತಿದ್ದದ್ದು ಅದಕ್ಕಿಂತ ಮುಂದೆ, ಕೆಳಗೆ, ಹಿಮ್ಮಡಿ ಮೂಳೆ ಅದರ ಮುಂದಿನ ಮೂಳೆಯನ್ನು ಕೂಡೋ ಜಾಗದಲ್ಲಿ. ದೊಡ್ಡವರ ಪಾದದಲ್ಲಾದರೆ ಕಣ್ಣಿಗೇ ಕಾಣೋ ಅಂತರ. ತಿಂಗಳ ಕೂಸಿನ ಪಾದದಲ್ಲಿ ಒಂದು ಬೆರಳಿನ ಅಗಲವೂ ಇಲ್ಲ. ಹಾಗೆ ತಪ್ಪು ಜಾಗದಲ್ಲಿ ಒತ್ತಿದರೆ ಏನಾಗುತ್ತೆ ಅಂದರೆ, ಹಿಮ್ಮಡಿ ಮೂಳೆ ಟೇಲಸ್ಸಿನ ಅಡಿ ಜಾರಿ ಹೊರಗೆ ತಿರುಗಬೇಕಾದ್ದು ತಿರುಗಲ್ಲ, ನಮ್ಮ ಹೆಬ್ಬೆರಳೇ ಅದಕ್ಕೆ ಚಿಲಕ ಹಾಕಿಬಿಟ್ಟಿರುತ್ತೆ. ಪಾದ ನಡುವಲ್ಲಿ ಬಾಗುತ್ತೆ. ಮುಂದಿನಿಂದ ನೋಡಿದರೆ ಬೆರಳುಗಳೆಲ್ಲ ಸರಿಯಾದ ಕಡೆ ಮುಖ ಮಾಡಿರುತ್ತವೆ. ಹಿಂದಿನಿಂದ ನೋಡಿದರೆ ಹಿಮ್ಮಡಿ ಮೊದಲ ದಿನ ಎಲ್ಲಿತ್ತೋ ಅಲ್ಲೇ.

ನಾನು ಹಿಂದಿನಿಂದ ನೋಡುತ್ತಿರಲಿಲ್ಲ. ಪಾದ ಎಷ್ಟು ಸೊಟ್ಟ ಅಂತ ಅಳೆಯೋಕೆ ಪಿರಾನಿ ಸ್ಕೋರ್ ಅಂತ ಇದೆ, ಆರು ಗುರುತು, ಒಂದೊಂದಕ್ಕೆ 0, ಅರ್ಧ ಅಥವಾ 1. ಅದರಲ್ಲಿ ಮೂರು ಗುರುತು ಪಾದದ ಹಿಂಭಾಗದ್ದೇ. ವಾರ ವಾರ ಬರೆಯುತ್ತಿದ್ದೆ. ಆದರೆ ಮುಂಭಾಗ ಸುಧಾರಿಸಿದ ಖುಷಿಯಲ್ಲಿ ಹಿಂಭಾಗಕ್ಕೂ ಅರ್ಧ ಅರ್ಧ ಕಡಿಮೆ ಮಾಡಿ ಬರೆದಿದ್ದೇನೆ, ಬೇಕೂಂತ ಅಲ್ಲ, ಕಣ್ಣು ಬೇಕಾದ್ದನ್ನು ನೋಡುತ್ತೆ.

ಒಂದು ಮಗು ಇತ್ತು, ಮಾಗಡಿ ಕಡೆಯದು, ಎರಡೂ ಕಾಲು. ತಾಯಿ, ಅತ್ತೆ ಇಬ್ಬರೂ ಬೆಳಗಿನ ಮೊದಲ ಬಸ್ಸಿಗೆ ಬರೋರು. ಪ್ಲಾಸ್ಟಿಕ್ ಬೇಸಿನ್ನಿನ ಉಗುರುಬೆಚ್ಚಗಿನ ನೀರಲ್ಲಿ ಕಾಲಿಟ್ಟು ಹಳೇ ಪಟ್ಟಿ ನೆನೆಸಿ, ಸುತ್ತು ಸುತ್ತಾಗಿ ಬಿಚ್ಚೋದು. ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಗೋದು. ಹೊಸ ಪಟ್ಟಿ ಹಾಕುವಾಗ ಮಗು ಅಳಬಾರದು ಅಂತ ತಾಯಿ ಹಾಲು ಕೊಡುತ್ತಾ ಕೂರೋರು. ಏಳನೇ ವಾರ ಆಕೆ ಕೇಳಿದರು: "ಸಾರ್, ಮುಂದ್ಗಡೆ ಚೆನ್ನಾಗಾಗೈತೆ, ಹಿಮ್ಮಡಿ ಯಾಕೆ ಅಂಗೇ ಐತೆ?"

ನಾನು ಏನಂದೆ ಗೊತ್ತಾ? "ಅದು ಕೊನೆಗೆ ಸರಿಹೋಗುತ್ತಮ್ಮ, ಗಾಬರಿ ಆಗಬೇಡಿ." ಓದದ ಹೆಂಗಸು ಎರಡು ಪಾದವನ್ನು ಹಗಲೂ ರಾತ್ರಿ ನೋಡಿ ಹೇಳಿದ್ದನ್ನು ನಾನು ಸಮಾಧಾನದ ಮಾತಲ್ಲಿ ಮುಚ್ಚಿಬಿಟ್ಟೆ.

ಹನ್ನೊಂದನೇ ಪಟ್ಟಿಗೆ ನಮ್ಮ ಯೂನಿಟ್ಟಿನ ಮೇಡಂ ರಜೆ ಮುಗಿಸಿ ಬಂದರು. ನನ್ನ ಕೈ ಮೇಲೆ ಅವರ ಕೈ ಇಟ್ಟು, ಹೆಬ್ಬೆರಳನ್ನು ಹಿಂದಕ್ಕೆ, ಮೇಲಕ್ಕೆ ಎಳೆದರು. "ಇದು ಕೈಟ್ ಮಾಡಿದ ತಪ್ಪು ಕಣಯ್ಯ, ಪುಸ್ತಕದಲ್ಲೇ ಬರೆದಿದೆ, ಓದಿಲ್ವಾ?" ಓದಿದ್ದೆ. ಅಮೆರಿಕದ ಕೈಟ್ ಬಹಳ ತಾಳ್ಮೆಯ ಮನುಷ್ಯ, ತಿಂಗಳುಗಟ್ಟಲೆ ಪಟ್ಟಿ ಹಾಕುತ್ತಿದ್ದವರು, ಹೆಬ್ಬೆರಳು ಮಾತ್ರ ತಪ್ಪು ಜಾಗದಲ್ಲಿ. ಅದನ್ನು 'ಕೈಟ್ ತಪ್ಪು' ಅಂತ ಕರೆದವರೇ ಪೊನ್ಸೆಟಿ. ಓದಿದ ತಲೆಗೂ ಒತ್ತೋ ಬೆರಳಿಗೂ ನನ್ನಲ್ಲಿ ಪರಿಚಯವೇ ಆಗಿರಲಿಲ್ಲ.

ಮೇಡಂ ಮೊದಲಿಂದ ಶುರು ಮಾಡಿ ಐದು ಪಟ್ಟಿಯಲ್ಲಿ ಎರಡೂ ಪಾದ ತಂದರು. ಮಗುವಿಗೆ ಕೆಟ್ಟದ್ದಾಗಲಿಲ್ಲ. ಆ ಮನೆಗೆ 11 ಬುಧವಾರ ಹೋದವು. ನನ್ನ ಥೀಸಿಸ್ಸಿನ ಕೇಸುಗಳಲ್ಲಿ ನಾನೊಬ್ಬನೇ ಪಟ್ಟಿ ಹಾಕಿದ್ದನ್ನೆಲ್ಲ ಗೈಡ್ ಹೊಡೆದುಹಾಕಿದರು. ಉಳಿದದ್ದು ಸಾಲಲಿಲ್ಲ. ಸಲ್ಲಿಕೆ ತಡ, ಪರೀಕ್ಷೆ ಆರು ತಿಂಗಳು ಮುಂದಕ್ಕೆ, ಆ ಆರು ತಿಂಗಳಲ್ಲಿ ಇಂಗ್ಲೆಂಡಿನ ಹಿಪ್ ಫೆಲೋಶಿಪ್ಪು ಬೇರೆಯವರ ಪಾಲಾಯ್ತು.

ಪ್ಲಾಸ್ಟರ್ ರೂಮಿನಲ್ಲಿ ಒಬ್ಬ ಹಿರಿಯ ಟೆಕ್ನಿಷಿಯನ್ ಇದ್ದರು, ನಾವೆಲ್ಲ ಅಣ್ಣ ಅಂತಿದ್ದೆವು. ಇದೆಲ್ಲ ಆದಮೇಲೆ ಕ್ಯಾಂಟೀನಲ್ಲಿ ಚಹಾ ಕುಡಿಯುತ್ತಾ ಅಂದರು: "ನಂಗೆ ಮೂರನೇ ವಾರಕ್ಕೇ ಡೌಟ್ ಬಂದಿತ್ತು ಸಾರ್. ಹೇಳೋಣ ಅಂತ ಬಂದೆ, ನೀವು ಫೋನಲ್ಲಿದ್ರಿ." ಯಾವ ಫೋನು ಅಂತ ನನಗೆ ನೆನಪಿತ್ತು. ಫೆಲೋಶಿಪ್ ವಿಷಯಕ್ಕೆ ಸೀನಿಯರ್ ಒಬ್ಬರ ಜೊತೆ ಮಾತಾಡುತ್ತಿದ್ದೆ.

ಅದಾದ ಮೇಲೆ ನೋಟ್‌ಬುಕ್ ಮತ್ತೆ ತೆಗೆದು ಓದಿದೆ. ನಾನು ನೀಲಿ ಪೆನ್ನಲ್ಲಿ ಬರೆದಿದ್ದೆಲ್ಲ ಸರಿಯೇ, ಆದರೆ ಯಾವುದನ್ನು ಬಿಟ್ಟಿದ್ದೆ ನೋಡಿ.

ಚಾರ್ನ್ಲಿ ಮೊದಲು ಹಾಕಿದ ಟೆಫ್ಲಾನ್ ಕೀಲುಗಳು, ಹತ್ತಿರ ಹತ್ತಿರ 300, ಕೆಲವೇ ವರ್ಷದಲ್ಲಿ ಸವೆದು ಹಾಳಾದವು. ಬೇರೆಯವರ ತಲೆಗೆ ಕಟ್ಟಲಿಲ್ಲ, ತಾವೇ ಕೂತು ತೆಗೆದರು. ಸವೆದ ಪುಡಿ ದೇಹಕ್ಕೆ ಏನು ಮಾಡುತ್ತೆ ನೋಡೋಕೆ ತಮ್ಮ ತೊಡೆಯೊಳಗೇ ಅದನ್ನು ಇಟ್ಟುಕೊಂಡರು. 1962ರಲ್ಲಿ ಒಬ್ಬ ಸೇಲ್ಸ್‌ಮನ್ ಮಗ್ಗದ ಗೇರಿಗೆ ಬಳಸೋ ಹೊಸ ಪ್ಲಾಸ್ಟಿಕ್ ತಂದ, ಪಾಲಿಎಥಿಲೀನ್. ಚಾರ್ನ್ಲಿ ಅದಕ್ಕೆ ಹೆಬ್ಬೆರಳ ಉಗುರು ಚುಚ್ಚಿ ನೋಡಿ, ಟೈಮ್ ವೇಸ್ಟ್ ಅಂತ ಹೇಳಿ ಹೊರಟುಹೋದರು. ಅವರ ವರ್ಕ್‌ಶಾಪಿನ ಹ್ಯಾರಿ ಕ್ರೇವನ್ ಸುಮ್ಮನಿರದೆ ಅದನ್ನು ಮೆಷಿನ್ನಿಗೆ ಹಾಕಿ ಹಗಲೂ ರಾತ್ರಿ ಓಡಿಸಿದ. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟನ್ನು ಇದು ಮೂರು ವಾರದಲ್ಲೂ ಸವೆದಿರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅದನ್ನು ರೋಗಿಗೆ ಹಾಕಿದರು. ಚಾರ್ನ್ಲಿಗೂ ಒಬ್ಬ 'ಅಣ್ಣ' ಇದ್ದ, ಮತ್ತೆ ಆತ ಹೇಳಿದ್ದನ್ನು ಅವರು ಕೊನೆಗಾದರೂ ಕೇಳಿದರು.

ಜೈಪುರ ಕಾಲು (ಕಾಲು ಕಳೆದುಕೊಂಡವರಿಗೆ ಹಾಕೋ ಕೃತಕ ಕಾಲು) ಅಂದ ತಕ್ಷಣ ಡಾ. ಪಿ.ಕೆ. ಸೇಠಿ ಅಂತ ನೀವು ಬರೆದಿದ್ದೀರಿ, 1981ರ ಮ್ಯಾಗ್ಸೆಸೆ ಪ್ರಶಸ್ತಿಯೂ ಅವರಿಗೇ ಬಂತು. ರಬ್ಬರ್ ಅಚ್ಚು ಹಾಕಿದ ಕೈ ರಾಮಚಂದ್ರ ಶರ್ಮ ಅನ್ನೋ ಕುಶಲಕರ್ಮಿಯದು. ನಿಮ್ಮ ಪಟ್ಟಿಯಲ್ಲಿ ಆ ಹೆಸರಿಲ್ಲ. ನನ್ನದರಲ್ಲೂ ಇರಲಿಲ್ಲ.

ಪೊನ್ಸೆಟಿಯಂತೂ ನನ್ನ ಪಟ್ಟಿಯಲ್ಲೇ ಇರಲಿಲ್ಲ! ಗಡಿಯಾರ ರಿಪೇರಿಯವನ ಮಗ, ಸ್ಪೇನಿನ ಅಂತರ್ಯುದ್ಧದಲ್ಲಿ ಸೋತ ಕಡೆಯ ಡಾಕ್ಟರ್, ದೇಶ ಬಿಟ್ಟು ಕೊನೆಗೆ ಅಮೆರಿಕದ ಅಯೋವಾ ಸೇರಿದವರು. ಅಲ್ಲಿ ಹಳೇ ಆಪರೇಷನ್ ಆದ ಸೊಟ್ಟಪಾದಗಳು ದೊಡ್ಡವರಾದ ಮೇಲೆ ಮರದ ಹಾಗೆ ಗಟ್ಟಿಯಾಗಿ ನೋಯುತ್ತಿದ್ದದ್ದನ್ನು ನೋಡಿ ಪ್ಲಾಸ್ಟರ್ ಪಟ್ಟಿಯ ದಾರಿ ಹಿಡಿದರು. 1963ರಲ್ಲಿ ಬರೆದರು, ಹೆಚ್ಚುಕಡಿಮೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಲೋಕ ಒಪ್ಪಿದ್ದು 90ರ ದಶಕದ ಕೊನೆಗೆ, ಅದೂ ಮಕ್ಕಳ ಅಪ್ಪ ಅಮ್ಮಂದಿರು ಇಂಟರ್ನೆಟ್‌ನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡ ಮೇಲೆ. ಅಷ್ಟರಲ್ಲಿ ಅವರಿಗೆ ಎಂಬತ್ತು ದಾಟಿತ್ತು. ಇಂಥ 'ಕೆರಿಯರ್' ನೀವು ಪ್ಲಾನ್ ಮಾಡ್ತೀರಾ?

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಯಾರ ದಾರಿ ಅಂತ ಕೇಳ್ತಿದ್ದೀರಿ, ಇವರಲ್ಲಿ ಯಾರೂ ದಾರಿ ಆರಿಸಿಕೊಂಡವರಲ್ಲ. ಯಾಮಾನಾಕಾ ಒಸಾಕಾದಲ್ಲಿ ಆರ್ಥೋ ರೆಸಿಡೆಂಟ್ ಆಗಿದ್ದಾಗ ಕೈ ಎಷ್ಟು ನಿಧಾನ ಅಂದರೆ ಸೀನಿಯರ್‌ಗಳು 'ಜಾಮಾನಾಕಾ' ಅಂತ ಕರೆಯುತ್ತಿದ್ದರು, ಜಾಮಾ ಅಂದರೆ ಅಡ್ಡಿ. ಕಾಂಡಕೋಶದ ಸಂಶೋಧನೆಗೆ ಬಂದ 2012ರ ನೊಬೆಲ್ ಆಮೇಲಿನ ಮಾತು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಆರ್ಥೋ ಕಲಿತವರು ಅನ್ನೋದು ನಿಮಗೆ ಗೊತ್ತಿತ್ತಾ? 1920ರ ಜುಲೈನಲ್ಲಿ ಕೆನಡಾದ ಲಂಡನ್ ಊರಲ್ಲಿ ಕ್ಲಿನಿಕ್ ತೆರೆದರು, ಆ ತಿಂಗಳ ಸಂಪಾದನೆ 4 ಡಾಲರ್. ರೋಗಿಗಳಿದ್ದಿದ್ದರೆ ಇನ್ಸುಲಿನ್ ತಯಾರಾಗೋ ಮೇದೋಜೀರಕದ ಬಗ್ಗೆ ರಾತ್ರಿ ಕೂತು ಓದಲು ಪುರುಸೊತ್ತು ಎಲ್ಲಿಂದ ಬರಬೇಕಿತ್ತು? ಜಾಕ್ವೆಲಿನ್ ಪೆರಿ ಫಿಸಿಯೋ ಆಗಿದ್ದವರು, ಓದಿ ಸರ್ಜನ್ ಆದರು, ಮಿದುಳಿನ ರಕ್ತನಾಳ ಕಟ್ಟಿ ತಲೆಸುತ್ತು ಬಂದು ಆಪರೇಷನ್ ಬಿಡಬೇಕಾಯ್ತು. ಮನುಷ್ಯ ನಡೆಯೋದು ಹೇಗೆ ಅಂತ ಅಳೆಯೋ ವಿದ್ಯೆಯನ್ನು ಆಕೆ ಗಟ್ಟಿಮಾಡಿದ್ದು ಅದಾದ ಮೇಲೆಯೇ. ಮೂಳೆ ಸರ್ಜನ್ ರಾಬರ್ಟ್ ಸ್ಯಾಚರ್ 2009ರಲ್ಲಿ ಬಾಹ್ಯಾಕಾಶಕ್ಕೇ ಹೋದರು, ಅಲ್ಲಿ ಮಾಡಿದ ಕೆಲಸಗಳಲ್ಲಿ ಒಂದು ರೋಬೋ ಕೈಗೆ ಗ್ರೀಸ್ ಹಚ್ಚೋದು. ಕೀಲಿನ ಡಾಕ್ಟರಿಗೆ ತಕ್ಕ ಕೆಲಸವೇ.

ಸೇರಿ. ಮೊದಲ ವರ್ಷ ಬಿಡಬೇಡಿ, ಆ ವರ್ಷ ಎಲ್ಲರಿಗೂ ಬಿಡಬೇಕು ಅನ್ನಿಸುತ್ತೆ, ಅದು ನಿದ್ದೆಗೆಟ್ಟ ತಲೆಯ ಮಾತು. ಲ್ಯಾಬ್ ನಿಜವಾಗಿ ಸೆಳೆಯುತ್ತಿದ್ದರೆ ಮೂರು ವರ್ಷ ಕಳೆದ ಮೇಲೂ ಸೆಳೆಯುತ್ತೆ. 'ಆರ್ಥೋ ಅಂದರೆ ಬಡಗಿ ಕೆಲಸ' ಅಂತ ನಿಮ್ಮ ಫ್ರೆಂಡ್ಸ್ ಹೇಳೋದಕ್ಕೆ ಬೇಜಾರು ಮಾಡಿಕೊಂಡಿದ್ದೀರಿ. ಒಳ್ಳೇ ಬಡಗಿಯನ್ನು ಅವರು ನೋಡಿಲ್ಲ. ನಾಟಿ ವೈದ್ಯರ ಹತ್ತಿರ ಪುತ್ತೂರು ಕಟ್ಟು ಹಾಕಿಸಿಕೊಂಡು ಬಂದ ರೋಗಿಯನ್ನು ಬೈಯೋ ಚಟವನ್ನು ಸೀನಿಯರ್‌ಗಳಿಂದ ಕಲಿಯಬೇಡಿ, ಮೂಳೆ ಕೂಡಿಸೋ ಮನೆತನದಲ್ಲಿ ಹುಟ್ಟಿದ ಹ್ಯೂ ಓವನ್ ಥಾಮಸ್ ಮಾಡಿದ ಸ್ಪ್ಲಿಂಟನ್ನೇ (ಮುರಿದ ಕಾಲಿಗೆ ಕೊಡೋ ಆಸರೆ) ನೀವೂ ವಾರ್ಡಲ್ಲಿ ಹಾಕ್ತೀರಿ. ಫೆಲೋಶಿಪ್, ಇಂಪ್ಲಾಂಟ್ ಲೆಕ್ಕಾಚಾರ ಈಗ ಬೇಡವೇ ಬೇಡ.

ನನ್ನ ಕಥೆ ಕೇಳಿದರೆ, ನಾಗರಭಾವಿ ಕಡೆ ಕ್ಲಿನಿಕ್ ಇದೆ, ಬೈಕಿಂದ ಬಿದ್ದವರು, ಮಂಡಿನೋವಿನ ಅಜ್ಜಿಯರು. ಹಿಪ್ ಆಪರೇಷನ್ನೂ ಮಾಡುತ್ತೇನೆ, ಚೆನ್ನಾಗೇ ಮಾಡುತ್ತೇನೆ. ವಾರಕ್ಕೊಂದು ಮಧ್ಯಾಹ್ನ ಒಂದು ಕಾಲೇಜಿನ ಹುಡುಗ ಹುಡುಗಿಯರಿಗೆ ಪಟ್ಟಿ ಹಾಕೋದು ಕಲಿಸೋಕೆ ಹೋಗುತ್ತೇನೆ. ಮೊದಲು ಕಣ್ಣು ಮುಚ್ಚಿಸುತ್ತೇನೆ, ಆಮೇಲೆ ಬೆರಳಲ್ಲಿ ಕಡಲೆಕಾಳು ಹುಡುಕಿಸುತ್ತೇನೆ.

ಸೇರೋ ಮುಂಚೆ ಏನು ಓದಲಿ ಅಂತ ಕೊನೆಗೆ ಕೇಳಿದ್ದೀರಿ. ಏನೂ ಬೇಡ, ನಿದ್ದೆ ಮಾಡಿ. ಮೊದಲ ದಿನವೇ ಪ್ಲಾಸ್ಟರ್ ರೂಮಿನವರ ಹೆಸರು ಕೇಳಿಟ್ಟುಕೊಳ್ಳಿ, ಅವರ ಡ್ಯೂಟಿ ಬದಲಾಗೋದು ಎಷ್ಟು ಗಂಟೆಗೆ ಅಂತಲೂ. ಹಳೇ ಪ್ಯಾಂಟ್ ಹಾಕಿಕೊಂಡು ಹೋಗಿ, ಪಿಒಪಿ ಒಮ್ಮೆ ಒಣಗಿದರೆ ಎಷ್ಟು ಒಗೆದರೂ ಹೋಗಲ್ಲ.